ಊರಿನ ವಾಟ್ಸಾಪ್ ಗ್ರೂಪಿನಲ್ಲಿ ರಾಜಕೀಯ ಪೂರ್ತಿ ಬಂದ್ ಮಾಡಬೇಕಾ? ಅಡ್ಮಿನ್ ಆಗಿ ಕೇಳ್ತಾ ಇದ್ದೇನೆ

ಅಘನಾಶಿನಿ ದಂಡೆ, ಕುಮಟಾ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಕುಮಟಾ ತಾಲೂಕಿನ ಹೊಳೆ ಬದಿಯ ಊರು. 2019ರ ಆಗಸ್ಟ್‌ನಲ್ಲಿ ನೆರೆ ಬಂದಿತ್ತಲ್ಲ, ಆಗ ಯಾರ ಮನೆಗೆ ನೀರು ನುಗ್ಗಿದೆ, ದೋಣಿ ಎಲ್ಲಿದೆ, ಗಂಜಿ ಕೇಂದ್ರ ಯಾವ ಶಾಲೆಯಲ್ಲಿ ಅಂತ ತಿಳಿಸೋಕೆ ನಾವು ಒಂದಿಷ್ಟು ಜನ ಸೇರಿ ವಾಟ್ಸಾಪ್ ಗ್ರೂಪ್ ಮಾಡಿದೆವು. ನೆರೆ ಇಳಿಯಿತು, ಗ್ರೂಪ್ ಉಳಿಯಿತು. ಹಾಲಕ್ಕಿಯವರು, ನಾಮಧಾರಿಗಳು, ಹವ್ಯಕರು, ಅಂಬಿಗರು, ಮುಸ್ಲಿಮರು, ಎಲ್ಲ ಕೇರಿಯವರೂ ಇದ್ದಾರೆ. ಕರೆಂಟ್ ಯಾವಾಗ ಬರುತ್ತದೆ, ಬಂಡಿಹಬ್ಬದ ವಂತಿಗೆ ಎಷ್ಟು, ಯಾರ ದನ ಕಾಣೆಯಾಗಿದೆ, ಯಾರಿಗೆ ರಕ್ತ ಬೇಕು, ಇದೆಲ್ಲ ಅಲ್ಲೇ.

2023ರ ವಿಧಾನಸಭೆ ಚುನಾವಣೆಯಿಂದ ಗ್ರೂಪಿನ ಮುಖವೇ ಬದಲಾಗಿದೆ. ರಾತ್ರಿ ಟಿವಿಯಲ್ಲಿ ಚರ್ಚೆ ಮುಗಿಯುವುದೇ ತಡ, ಅದರ ತುಂಡುಗಳು ಇಲ್ಲಿ ಬಂದು ಬೀಳುತ್ತವೆ. ಒಬ್ಬರು ಒಂದು ಪಕ್ಷದ್ದು ಹಾಕಿದರೆ ಇನ್ನೊಬ್ಬರು ಅದಕ್ಕೆ ಎದುರಿನದ್ದು ಹಾಕುತ್ತಾರೆ. ಯಾರೂ ಒಂದು ಸಾಲೂ ಸ್ವಂತ ಬರೆಯುವುದಿಲ್ಲ. ದೆಹಲಿಯದ್ದು, ಬೆಂಗಳೂರಿನದ್ದು, ನಾವು ಹೆಸರೂ ಕೇಳದ ಯಾವುದೋ ಊರಿನ ಜಗಳದ್ದು.

ಮೊನ್ನೆ ನಡೆದದ್ದು ಹೇಳುತ್ತೇನೆ. ದನಗಳಿಗೆ ಕಾಲುಬಾಯಿ ಲಸಿಕೆ ಹಾಕಲು ಮರುದಿನ ಬೆಳಿಗ್ಗೆ ಬರುತ್ತಾರೆ ಅಂತ ಒಬ್ಬರು ಸಂಜೆ ಬರೆದಿದ್ದರು. ಅದರ ಮೇಲೆ ಒಂದಾದ ಮೇಲೊಂದು ವೀಡಿಯೊ ಬಿದ್ದವು. ಬೆಳಿಗ್ಗೆ ಲಸಿಕೆಯವರು ಬಂದಾಗ ನಮ್ಮ ಮೇಲಿನ ಕೇರಿಯಲ್ಲಿ ಅರ್ಧ ದನ ಗುಡ್ಡಕ್ಕೆ ಮೇಯಲು ಹೋಗಿಯಾಗಿತ್ತು. ಸುದ್ದಿ ಕಾಣಲೇ ಇಲ್ಲ ಅಂತ ಆ ಮನೆಯ ಅಜ್ಜಿ ನನ್ನ ಹತ್ತಿರ ಬಂದು ಹೇಳಿದರು. ಅವರಿಗೆ ಫೋನ್ ನೋಡಿ ಹೇಳುವವನು ಮೊಮ್ಮಗ, ಅವನು ವೀಡಿಯೊ ಹಾವಳಿಗೆ ಬೇಸತ್ತು ಗ್ರೂಪನ್ನೇ ಮ್ಯೂಟ್ ಮಾಡಿಟ್ಟಿದ್ದಾನೆ.

ಈಗ ಪಂಚಾಯ್ತಿ ಚುನಾವಣೆಯ ಮಾತು ಶುರುವಾಗಿದೆ. ಗ್ರಾಮ ಪಂಚಾಯ್ತಿಗೆ ಪಕ್ಷದ ಚಿಹ್ನೆಯೇ ಇಲ್ಲ, ನಿಲ್ಲುವವರೆಲ್ಲ ನಮ್ಮ ನೆಂಟರು, ನೆರೆಮನೆಯವರು. ಆದರೂ ಟಿವಿಯ ಜಗಳವನ್ನು ವಾರ್ಡಿಗೆ ತರುತ್ತಾರೆ ಅನ್ನುವ ಹೆದರಿಕೆ ನನಗೆ. ರಾಜಕೀಯ ಪೂರ್ತಿ ನಿಷೇಧ ಮಾಡಲಾ? ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಲಾ? ಇಂಥದ್ದನ್ನು ನಿಭಾಯಿಸಿದವರು ಇದ್ದರೆ ಹೇಳಿ.


ಬೋಟ್ ಮನೆ, ಭಟ್ಕಳ

ಅಕ್ಕಾ, ಬಂದ್ ಮಾಡಿ. ನಮ್ಮ ಬೋಟಿನವರ ಗ್ರೂಪಿನಲ್ಲಿ ಮೂರೇ ವಿಷಯ: ಹವಾಮಾನ, ಮೀನಿನ ದರ, ಯಾರಾದರೂ ಕಡಲಲ್ಲಿ ಸಿಕ್ಕಿಹಾಕಿಕೊಂಡರೆ ಆ ಸುದ್ದಿ. ಬೇರೆ ಏನು ಹಾಕಿದರೂ ತೆಗೆಯುತ್ತೇವೆ. ಎರಡನೇ ಸಲ ಹಾಕಿದರೆ ಅವನನ್ನೇ ತೆಗೆಯುತ್ತೇವೆ. ಗಾಳಿ ಎದ್ದಿದೆ ಅನ್ನುವ ಸುದ್ದಿ ಭಾಷಣದ ಕೆಳಗೆ ಮುಚ್ಚಿಹೋದರೆ ಜೀವ ಹೋಗುತ್ತದೆ. ಮಾಲೀಕರದ್ದು ಒಂದು ಪಕ್ಷ, ಕೆಲಸದವರದ್ದು ಇನ್ನೊಂದು. ಒಂದೇ ಬೋಟಿನಲ್ಲಿ ಒಟ್ಟಿಗೆ ಹೋಗಿ ಒಟ್ಟಿಗೆ ಬರಬೇಕಲ್ವಾ.


ಗಂಗಾವಳಿ ಆಚೆ ದಡ, ಅಂಕೋಲಾ

ಭಟ್ಕಳದ ಅಣ್ಣ ಹೇಳಿದ್ದು ಬೋಟಿನ ಗ್ರೂಪಿಗೆ ಸರಿ. ಊರಿನ ಗ್ರೂಪಿಗೆ ಒಪ್ಪುವುದಿಲ್ಲ. ಊರು ಅಂದಮೇಲೆ ರಾಜಕೀಯ ಇದ್ದೇ ಇರುತ್ತದೆ. ರಸ್ತೆ ರಾಜಕೀಯ, ನೀರು ರಾಜಕೀಯ, ಅತಿಕ್ರಮಣ ಜಮೀನಿನ ಪಟ್ಟಾ ರಾಜಕೀಯ. ರಾಜಕೀಯ ಬೇಡ ಅಂತ ಬೋರ್ಡ್ ಹಾಕಿದರೆ ನಾಳೆ ಯಾರೋ ಹಾಳಾದ ಸೇತುವೆಯ ಫೋಟೊ ಹಾಕಿದಾಗ "ಇದೂ ರಾಜಕೀಯ, ತೆಗೆಯಿರಿ" ಅಂತ ಪಂಚಾಯ್ತಿ ಸದಸ್ಯರ ಕಡೆಯವರು ಬರುತ್ತಾರೆ. ಆಗ ಏನು ಮಾಡುತ್ತೀರಿ?

ನಮ್ಮ ಉತ್ತರ ಕನ್ನಡ ಜಿಲ್ಲೆಯ ಆಸ್ಪತ್ರೆ ವಿಷಯ ನೆನಪು ಮಾಡಿಕೊಳ್ಳಿ. ತಲೆಗೆ ಪೆಟ್ಟಾದರೆ, ಎದೆ ನೋವು ಜಾಸ್ತಿಯಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲಾ ಗೋವಾಕ್ಕೆ ಓಡಬೇಕು. ಇದು ಎಷ್ಟು ವರ್ಷದ ಗೋಳು! ಯಾವ ಚಾನೆಲ್ಲಿನ ರಾತ್ರಿ ಚರ್ಚೆಯಲ್ಲಿ ಇದು ಬರುತ್ತಿತ್ತು? 2019ರ ಜೂನ್‌ನಲ್ಲಿ ನಮ್ಮ ಹುಡುಗ ಹುಡುಗಿಯರೇ ಟ್ವಿಟರ್‌ನಲ್ಲಿ ತುರ್ತು ಆಸ್ಪತ್ರೆ ಬೇಕು ಅಂತ ಅಭಿಯಾನ ಶುರು ಮಾಡಿದರು. ಆಮೇಲೆ 2022ರ ಜುಲೈನಲ್ಲಿ ಹೊನ್ನಾವರ ಕಡೆಯಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿಗೆ ಬಡಿದು ನಾಲ್ಕು ಜನ ಸತ್ತರು (ನಮ್ಮ ಅಂಕೋಲೆಯ ಶಿರೂರು ಅಲ್ಲ, ಬೈಂದೂರು ಕಡೆಯ ಶಿರೂರು). ಆ ವೀಡಿಯೊ ಎಲ್ಲರ ಫೋನಿಗೂ ಬಂತು. ಆಸ್ಪತ್ರೆ ಇಲ್ಲದಿದ್ದರೆ ಓಟಿಲ್ಲ ಅನ್ನುವ ಕೂಗು ಎದ್ದಿತು, ಸರ್ಕಾರದವರು ಬಾಯಿ ಬಿಡಲೇಬೇಕಾಯಿತು. ಇವತ್ತಿಗೂ ದೊಡ್ಡ ಕಾಯಿಲೆಗೆ ನಾವು ಹೊರಗೇ ಹೋಗುತ್ತಿದ್ದೇವೆ, ಅದು ಬೇರೆ ಮಾತು. ಆದರೆ ಎಲ್ಲ ಪಕ್ಷದವರೂ ಈಗ ಆ ವಿಷಯಕ್ಕೆ ಉತ್ತರ ಕೊಡಲೇಬೇಕಾಗಿದೆ. ಇದನ್ನು ಮಾಡಿಸಿದ್ದು ಇದೇ ಫೋನು, ಇಂಥವೇ ಊರಿನ ಗ್ರೂಪುಗಳು.

ಟಿವಿಯ ಶಕ್ತಿ ಎಷ್ಟು, ಅದು ಯಾರಿಗೆ ಸಿಗುತ್ತದೆ ಅನ್ನುವುದನ್ನು ನಮ್ಮ ಶಿರೂರಿನಲ್ಲಿ ಕಣ್ಣಾರೆ ಕಂಡಿದ್ದೇವೆ. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಂತು. ಚಹಾ ಅಂಗಡಿ ಇಟ್ಟುಕೊಂಡಿದ್ದ ಕುಟುಂಬವೇ ಹೋಯಿತು. ಮಣ್ಣು ಬಿದ್ದ ಹೊಡೆತಕ್ಕೆ ಹೊಳೆ ಉಕ್ಕಿ ಈಚೆ ದಡದ ಉಳುವರೆಯಲ್ಲಿ ಮನೆಗಳು ಕೊಚ್ಚಿಹೋದವು. ಕೇರಳದ ಲಾರಿ ಚಾಲಕರೊಬ್ಬರು ಕಾಣೆಯಾಗಿದ್ದರು, ಹಾಗಾಗಿ ಮಲಯಾಳಂ ಚಾನೆಲ್‌ಗಳು ಸಾಲಾಗಿ ಬಂದು ನಿಂತವು, ಮಳೆಯಲ್ಲಿ ನೆನೆಯುತ್ತಾ ದಿನಗಟ್ಟಲೆ ನೇರ ಪ್ರಸಾರ ಮಾಡಿದವು. ಆ ಒತ್ತಡದಿಂದಲೇ ಹುಡುಕಾಟ ಜೋರಾಯಿತು ಅನ್ನುವುದು ಇಲ್ಲಿಯವರ ನಂಬಿಕೆ, ನನ್ನದೂ ಅದೇ. ಕೊನೆಗೆ ಗೋವಾದಿಂದ ಹೊಳೆಯ ಹೂಳು ತೆಗೆಯುವ ಡ್ರೆಜರ್ ತರಿಸಿ, ಸೆಪ್ಟೆಂಬರ್ 25ಕ್ಕೆ ಲಾರಿ ಗಂಗಾವಳಿಯಿಂದ ಮೇಲೆ ಬಂತು. ಅವರು ತಮ್ಮವರಿಗಾಗಿ ನಿಂತರು, ಅದರಲ್ಲಿ ತಪ್ಪೇನೂ ಇಲ್ಲ. ನನ್ನ ಸಂಕಟ ಏನಂದರೆ ಉಳುವರೆಯ ಮನೆ ಕಳೆದುಕೊಂಡವರ ಹತ್ತಿರ ಅಷ್ಟು ಹೊತ್ತು ಮೈಕ್ ಹಿಡಿದವರು ಯಾರೂ ಇರಲಿಲ್ಲ. ನಮ್ಮವರ ಸುದ್ದಿ ನಮಗೆ ಗೊತ್ತಾಗಿದ್ದು ಊರಿನ ಹುಡುಗರು ಫೋನಿನಲ್ಲಿ ತೆಗೆದ ವೀಡಿಯೊದಿಂದ.

ಅದಕ್ಕೇ ಹೇಳುತ್ತೇನೆ, ವಿಷಯ ನಿಷೇಧ ಮಾಡಬೇಡಿ. ಫಾರ್ವರ್ಡ್ ನಿಷೇಧ ಮಾಡಿ. ಹೇಳುವುದಿದ್ದರೆ ಸ್ವಂತ ಮಾತಿನಲ್ಲಿ ಬರೆಯಲಿ, ಸ್ವಂತ ಫೋಟೊ ಹಾಕಲಿ.


ಹಳೆ ಕೇಬಲ್, ಕಾರವಾರ

ನಾನು ಕಾರವಾರದಲ್ಲಿ ಬಹಳ ವರ್ಷ ಕೇಬಲ್ ನಡೆಸಿದವನು, ಹಾಗಾಗಿ ಟಿವಿ ಕಡೆಯಿಂದ ಒಂದೆರಡು ಮಾತು.

ಮೊದಲು ಹೆಚ್ಚುಕಮ್ಮಿ ಪ್ರತಿ ಪೇಟೆಯಲ್ಲೂ ಕೇಬಲ್‌ನವರದ್ದೇ ಒಂದು ಲೋಕಲ್ ಚಾನೆಲ್ ಇರುತ್ತಿತ್ತು. ಜಾತ್ರೆ, ಯಕ್ಷಗಾನ, ಪುರಸಭೆ ಗಲಾಟೆ ಎಲ್ಲ ಬರುತ್ತಿತ್ತು. ಚುನಾವಣೆಯಲ್ಲಿ ಅಭ್ಯರ್ಥಿಗಳು ಜಾಹೀರಾತು ಕೊಡುತ್ತಿದ್ದರು. 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ರಾಜಕೀಯ ಜಾಹೀರಾತಿಗೆ ಮೊದಲೇ ಒಪ್ಪಿಗೆ ಪಡೆಯಬೇಕಾಯಿತು. ಈಗ ಅದಕ್ಕೆ ಎಂಸಿಎಂಸಿ ಅಂತ ಸಮಿತಿ ಇದೆ, ಅವರು ನೋಡಿ ಸರ್ಟಿಫಿಕೇಟ್ ಕೊಟ್ಟರೆ ಮಾತ್ರ ಹಾಕಬೇಕು. ನಾವು ಸಿಡಿ ಹಿಡಿದುಕೊಂಡು ಅಭ್ಯರ್ಥಿಯ ಕಡೆಯವರ ಜೊತೆ ಡಿಸಿ ಆಫೀಸಿನಲ್ಲಿ ಕಾದು ಕೂತದ್ದುಂಟು. ಆಮೇಲೆ ಡಿಜಿಟಲ್ ಬಂತು, 2017ರ ಮಾರ್ಚ್ ಕೊನೆಗೆ ನಮ್ಮಂಥ ಸಣ್ಣ ಊರಿಗೂ ಸೆಟ್ ಟಾಪ್ ಬಾಕ್ಸ್ ಕಡ್ಡಾಯ ಆಯಿತು. ನಮ್ಮಂಥವರು ದೊಡ್ಡ ಕಂಪನಿಯ ಸಿಗ್ನಲ್ ತಂದು ಹಂಚುವವರಾದೆವು. ಲೋಕಲ್ ಚಾನೆಲ್ ನಡೆಸುವ ಖರ್ಚು ಹುಟ್ಟಲಿಲ್ಲ. ಆ ಜಾಗಕ್ಕೆ ಈಗ ಯೂಟ್ಯೂಬ್ ಚಾನೆಲ್‌ಗಳು, ಫೇಸ್‌ಬುಕ್ ಪೇಜ್‌ಗಳು ಬಂದಿವೆ. ಅವುಗಳಲ್ಲಿ ಚೆನ್ನಾಗಿ ಸುದ್ದಿ ಮಾಡುವವರೂ ಇದ್ದಾರೆ, ದುಡ್ಡು ತೆಗೆದುಕೊಂಡು ಯಾರ ಪರವಾಗಿಯಾದರೂ ಮಾತಾಡುವವರೂ ಇದ್ದಾರೆ.

ಬೆಂಗಳೂರಿನ ಚಾನೆಲ್‌ಗಳು ನಮ್ಮ ಜಿಲ್ಲೆಯನ್ನು ಯಾಕೆ ತೋರಿಸುವುದಿಲ್ಲ ಅಂತ ಜನ ನನ್ನನ್ನು ಬೈಯುತ್ತಿದ್ದರು. ಕಾರಣ ಸರಳ. ಜೋಯಿಡಾದ ಕಾಡಿನ ಹಳ್ಳಿಗೆ ವರದಿಗಾರ, ಕ್ಯಾಮೆರಾದವನು, ಗಾಡಿ ಕಳಿಸಿದರೆ ದಿನವೆಲ್ಲ ಹೋಗಿ ಸಿಗುವುದು ಎರಡು ನಿಮಿಷದ ಸುದ್ದಿ. ಸ್ಟುಡಿಯೊದಲ್ಲಿ ನಾಲ್ಕು ಜನರನ್ನು ಕೂರಿಸಿ ಜಗಳ ಹಚ್ಚಿದರೆ ಒಂದು ಗಂಟೆ ತುಂಬುತ್ತದೆ, ಖರ್ಚೂ ಕಡಿಮೆ. ಟಿಆರ್‌ಪಿ ಅಳೆಯುವ ಮೀಟರ್ ಇಡೀ ದೇಶದಲ್ಲಿ ಇರುವುದು ಐವತ್ತೈದು ಸಾವಿರದ ಆಸುಪಾಸು ಮನೆಗಳಲ್ಲಿ, ಟಿವಿ ಇರುವ ಮನೆಗಳು 20 ಕೋಟಿಗೂ ಜಾಸ್ತಿ. ನಮ್ಮ ಘಟ್ಟದ ಕೆಳಗಿನ ಹಳ್ಳಿಯವರು ಏನು ನೋಡಿದರೂ ಬಿಟ್ಟರೂ ಆ ಲೆಕ್ಕದಲ್ಲಿ ಏನೂ ಏರುಪೇರಾಗುವುದಿಲ್ಲ.

ಇನ್ನೊಂದು. ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲಿನಿಂದ ಆ ಕ್ಷೇತ್ರದಲ್ಲಿ ಟಿವಿಯಲ್ಲಿ ಪ್ರಚಾರ ತೋರಿಸಬಾರದು ಅಂತ ಜನಪ್ರಾತಿನಿಧ್ಯ ಕಾಯ್ದೆಯ 126ನೇ ಸೆಕ್ಷನ್ ಹೇಳುತ್ತದೆ. ಆದರೆ 2024ರ ಲೋಕಸಭೆಗೆ ಕರ್ನಾಟಕದಲ್ಲೇ ಎರಡು ದಿನ ಮತದಾನ, ಏಪ್ರಿಲ್ 26 ಮತ್ತು ಮೇ 7. ನಮ್ಮದು ಮೇ 7. ನಮ್ಮಲ್ಲಿ ಪ್ರಚಾರ ನಿಂತ ಮೇಲೂ ಬೇರೆ ರಾಜ್ಯಗಳಲ್ಲಿ ನಡೆಯುತ್ತಿದ್ದ ರ‍್ಯಾಲಿಗಳು ನಮ್ಮ ಮನೆಯ ಟಿವಿಯಲ್ಲಿ ನೇರವಾಗಿ ಬರುತ್ತಿದ್ದವು. ಫೋನಿನ ಮಾತಂತೂ ಕೇಳಲೇಬೇಡಿ. ಬೀದಿಯಲ್ಲಿ ಮೈಕ್ ಕಟ್ಟಿದರೆ ಹಿಡಿಯುತ್ತಾರೆ, ಜೇಬಿನೊಳಗಿನ ಮೈಕನ್ನು ಹಿಡಿಯುವವರು ಯಾರು? ಹಾಗಾಗಿ ತಂಗೀ, ಪೂರ್ತಿ ನಿಷೇಧ ಬೇಡ ಅನಿಸಿದರೂ ಮತದಾನದ ಹಿಂದಿನ ಎರಡು ದಿನ ಮಾತ್ರ ಅಡ್ಮಿನ್‌ಗಳೇ ಬರೆಯುವ ಹಾಗೆ ಮಾಡಿ. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.


ಬೂತ್ ಹುಡುಗ, ಶಿರಸಿ

ನಾನು ಒಂದು ಪಕ್ಷದ ಬೂತ್ ಮಟ್ಟದ ಕಾರ್ಯಕರ್ತ. ಯಾವ ಪಕ್ಷ ಅನ್ನುವುದು ಇಲ್ಲಿ ಬೇಡ, ಕೆಲಸದ ರೀತಿ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ.

ಪ್ರತಿ ಬೂತಿಗೂ ಒಂದು ಗ್ರೂಪ್ ಇರುತ್ತದೆ. ಮತದಾರರ ಪಟ್ಟಿ ಹಿಡಿದು ಇಷ್ಟಿಷ್ಟು ಮನೆ ಇಂಥವರ ಜವಾಬ್ದಾರಿ ಅಂತ ಹಂಚುತ್ತಾರೆ. ಬೆಳಿಗ್ಗೆ ಮೇಲಿನಿಂದ ಸಿದ್ಧ ಮಾಡಿದ ಚಿತ್ರ, ಮೂವತ್ತು ಸೆಕೆಂಡಿನ ವೀಡಿಯೊ ಬರುತ್ತವೆ. ಟಿವಿ ಚರ್ಚೆಯಲ್ಲಿ ತಮ್ಮ ವಕ್ತಾರರು ಗಟ್ಟಿಯಾಗಿ ಮಾತಾಡಿದ ತುಂಡನ್ನಷ್ಟೇ ಕತ್ತರಿಸಿರುತ್ತಾರೆ, ಎದುರಿನವರ ಉತ್ತರ ಅದರಲ್ಲಿ ಇರುವುದಿಲ್ಲ. ಅದನ್ನು ನಾವು ಸೊಸೈಟಿ ಗ್ರೂಪು, ಯಕ್ಷಗಾನದ ಗ್ರೂಪು, ಕ್ರಿಕೆಟ್ ಗ್ರೂಪು, ಎಲ್ಲ ಕಡೆ ದಾಟಿಸುವುದು. ನಿಮ್ಮ ಊರಿನ ಗ್ರೂಪಿಗೆ ಬರುವುದೂ ಹೀಗೇ. ಹಾಕುವವರಲ್ಲಿ ಪೂರ್ತಿ ನೋಡಿ ಹಾಕುವವರು ಕಡಿಮೆ.

ಆದರೆ ಒಂದು ವಿಷಯ ಒಳಗಿನವನಾಗಿ ಹೇಳಬಲ್ಲೆ. ಪಕ್ಷದ ಗ್ರೂಪಿನಲ್ಲಿ ಎಲ್ಲರೂ ನಮ್ಮವರೇ. ಅಲ್ಲಿ ಏನು ಬಂದರೂ ಕೈ ಮುಗಿದ ಚಿತ್ರ ಹಾಕಿ ಮುಂದೆ ಕಳಿಸುತ್ತಾರೆ, ಪ್ರಶ್ನೆ ಕೇಳುವವರೇ ಇಲ್ಲ. ಊರಿನ ಗ್ರೂಪಿನಲ್ಲಿ ಹಾಕುವಾಗ ಮಾತ್ರ ಕೈ ತಡೆಯುತ್ತದೆ. ಅಲ್ಲಿ ಎದುರು ಪಕ್ಷದವರಿದ್ದಾರೆ, ಶಾಲೆ ಮಾಸ್ತರರಿದ್ದಾರೆ, ನಾಳೆ ಡೇರಿಗೆ ಹಾಲು ಹಾಕುವಾಗ "ಅದೆಂಥದು ಮಾರಾಯ ನೀನು ಹಾಕಿದ್ದು, ಸುಳ್ಳಲ್ವಾ" ಅಂತ ಮುಖಕ್ಕೇ ಕೇಳುವವರಿದ್ದಾರೆ. ಎಲ್ಲ ಪಕ್ಷದವರೂ ಒಟ್ಟಿಗೆ ಇರುವ ಜಾಗ ನಮ್ಮ ಫೋನಿನಲ್ಲಿ ಬೇರೆ ಎಲ್ಲೂ ಉಳಿದಿಲ್ಲ. ಅಲ್ಲಿಂದಲೂ ರಾಜಕೀಯ ಓಡಿಸಿದರೆ ಅದು ಪಕ್ಷದ ಗ್ರೂಪಿನೊಳಗೇ ಬೆಳೆಯುತ್ತದೆ, ಅಲ್ಲಿ ಅದನ್ನು ತಿದ್ದುವವರು ಯಾರೂ ಇರುವುದಿಲ್ಲ. ದಯವಿಟ್ಟು ಅದೊಂದು ಮಾಡಬೇಡಿ.

ನಮ್ಮ ಘಟ್ಟದ ಮೇಲಿನ ಉದಾಹರಣೆ ಕೊಡುತ್ತೇನೆ. 2022ರಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆ ತರಿಸಲು ಕೇಂದ್ರ ಒಪ್ಪಿದಾಗ ನಮ್ಮ ಕಡೆ ಅಡಿಕೆ ಬೆಳೆಗಾರರ ಗ್ರೂಪುಗಳಲ್ಲಿ ದಿನವೂ ಅದೇ ಚರ್ಚೆ. ಟಿವಿಯಲ್ಲಿ ಅದು ಬಂದುಹೋದದ್ದು ಒಂದು ಸಾಲಿನಲ್ಲಿ. ಗ್ರೂಪಿನಲ್ಲಿ ಬೆಳೆಗಾರರು ಆಮದಿನ ಲೆಕ್ಕ, ಕನಿಷ್ಠ ಆಮದು ದರದ (ಇದಕ್ಕಿಂತ ಕಡಿಮೆ ಬೆಲೆಗೆ ಹೊರಗಿನಿಂದ ತರಿಸುವಂತಿಲ್ಲ ಅನ್ನುವ ದರ) ಲೆಕ್ಕ ಎಲ್ಲ ಹಾಕಿ ನಮ್ಮಂಥ ಕಾರ್ಯಕರ್ತರನ್ನು ಹಿಡಿದು ಕೇಳಿದರು. ನಾವು ಮೇಲಿನವರಿಗೆ ಹೇಳಬೇಕಾಯಿತು, ಬೇರೆ ದಾರಿ ಇರಲಿಲ್ಲ. ಮರುವರ್ಷ ಫೆಬ್ರುವರಿಯಲ್ಲಿ ಆ ದರ ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಬೆಳೆಗಾರರ ಸಂಘಗಳು, ಸೊಸೈಟಿಗಳು ಎಲ್ಲರೂ ಒತ್ತಾಯ ಮಾಡಿದ್ದರು, ಬರೀ ವಾಟ್ಸಾಪ್‌ನಿಂದ ಆಯಿತು ಅನ್ನುವುದಿಲ್ಲ. ಆದರೆ ಆ ಗ್ರೂಪಿನಲ್ಲಿ ಎರಡೂ ಪಕ್ಷದ ಬೆಳೆಗಾರರಿದ್ದರು, ಹಾಗಾಗಿ ಯಾರೂ ನುಣುಚಿಕೊಳ್ಳಲು ಆಗಲಿಲ್ಲ.


ಶರಾವತಿ ಮಾಸ್ತರ್, ಹೊನ್ನಾವರ

ಮೇಲಿನವರ ಮಾತೆಲ್ಲ ಓದಿದೆ. ಒಪ್ಪುತ್ತೇನೆ. ಆದರೆ ನಮ್ಮ ಊರಿನವನಾಗಿ ಒಂದು ಎಚ್ಚರಿಕೆ ಹೇಳಲೇಬೇಕು.

2017ರ ಡಿಸೆಂಬರ್. ಹೊನ್ನಾವರದಲ್ಲಿ ಗಲಾಟೆ ನಡೆದಿತ್ತು, ಒಬ್ಬ ಯುವಕ ಕಾಣೆಯಾಗಿದ್ದ, ಆಮೇಲೆ ಕೆರೆಯಲ್ಲಿ ಶವ ಸಿಕ್ಕಿತು. ಮರಣೋತ್ತರ ಪರೀಕ್ಷೆಯ ವಿವರ ಬರುವ ಮೊದಲೇ ಹೇಗೆ ಕೊಂದರು, ಏನೇನು ಮಾಡಿದರು ಅಂತ ಫೋನಿನಿಂದ ಫೋನಿಗೆ ಹರಿದಾಡಿತು. ಅವುಗಳಲ್ಲಿ ಹಲವನ್ನು ಪೊಲೀಸರು ಸುಳ್ಳು ಅಂದರು, ಕೇಳುವವರಿರಲಿಲ್ಲ. ಕುಮಟಾದಲ್ಲಿ ಪೊಲೀಸ್ ಅಧಿಕಾರಿಯ ಗಾಡಿಗೆ ಬೆಂಕಿ ಬಿತ್ತು, ಶಿರಸಿ ಬಂದ್ ದಿನ ಕಲ್ಲು ಹಾರಿದವು. ಮುಂದಿನ ವರ್ಷವೇ ವಿಧಾನಸಭೆ ಚುನಾವಣೆ, ಆ ಸಾವು ಪ್ರತಿ ಭಾಷಣದಲ್ಲೂ ಬಂತು. ತನಿಖೆ ಸಿಬಿಐಗೆ ಹೋಯಿತು. 2022ರ ಅಕ್ಟೋಬರ್‌ನಲ್ಲಿ ಸಿಬಿಐ ಕೋರ್ಟಿಗೆ ಕೊಟ್ಟ ವರದಿಯಲ್ಲಿ ಅದು ಕೊಲೆಯಲ್ಲ, ಆಕಸ್ಮಿಕವಾಗಿ ನೀರಿಗೆ ಬಿದ್ದು ಆದ ಸಾವು ಅಂತ ಇತ್ತು. ಮನೆಯವರಿಗೆ ಆ ವರದಿ ಒಪ್ಪಿಗೆಯಾಗಿರಲಿಲ್ಲ, ಅವರ ದುಃಖದ ಬಗ್ಗೆ ಮಾತಾಡುವ ಹಕ್ಕು ನಮಗಿಲ್ಲ. ನಾನು ಹೇಳುತ್ತಿರುವುದು ಫೋನಿನ ಬಗ್ಗೆ. ಸುದ್ದಿ ಹರಡಲು ಒಂದು ರಾತ್ರಿ ಸಾಕಾಯಿತು, ವರದಿ ಬರಲು ಸುಮಾರು ಐದು ವರ್ಷ ಬೇಕಾಯಿತು. ಆ ದಿನಗಳಲ್ಲಿ ಕೇಸು ಹಾಕಿಸಿಕೊಂಡು ಕೋರ್ಟಿಗೆ ಅಲೆದ ಹುಡುಗರಲ್ಲಿ ನನ್ನ ಹತ್ತಿರ ಓದಿದವರೂ ಇದ್ದರು. ಅವರಲ್ಲಿ ಒಬ್ಬ ಪಾಸ್‌ಪೋರ್ಟ್ ಆಗಲಿಲ್ಲ ಸರ್ ಅಂತ ನಮ್ಮ ಮನೆಯ ಜಗಲಿಯಲ್ಲಿ ಕೂತು ಅತ್ತದ್ದು ನನಗೆ ಮರೆಯುವುದಿಲ್ಲ.

ಹಾಗಾಗಿ ರಾಜಕೀಯ ಇರಲಿ, ಆದರೆ ಸಾವು, ಜಾತಿ, ಧರ್ಮದ ಗಲಾಟೆ ಕುರಿತ ಫಾರ್ವರ್ಡ್ ಬಂದರೆ ಚರ್ಚೆಗೇ ಬಿಡಬೇಡಿ. ತಕ್ಷಣ ಅಳಿಸಿ. ಬೇರೆಯವರು ಹಾಕಿದ್ದನ್ನೂ ಎಲ್ಲರ ಫೋನಿನಿಂದ ತೆಗೆಯುವ ಅಧಿಕಾರ ಈಗ ಅಡ್ಮಿನ್‌ಗೆ ಇದೆ. ಮೆಸೇಜ್ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಬಹಳ ಕೈ ದಾಟಿ ಬಂದದ್ದು ಅಂತ ಅರ್ಥ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಲು ಆಗುವಂತೆ 2020ರಿಂದ ವಾಟ್ಸಾಪ್‌ನವರೇ ಕಟ್ಟು ಹಾಕಿದ್ದಾರೆ. ನಿಮ್ಮ ಗ್ರೂಪಿನಲ್ಲಿ ಎರಡು ಬಾಣದ್ದು ಏನು ಬಂದರೂ ಇಲ್ಲ ಅಂತ ಹೇಳಿಬಿಡಿ. ಗುರುತು ಕಣ್ಣಿಗೆ ಕಾಣುತ್ತದೆ, ವಾದಕ್ಕೆ ಜಾಗ ಇಲ್ಲ.

ಅಡ್ಮಿನ್ ಮೇಲೆ ಕೇಸ್ ಆಗುತ್ತದಾ ಅನ್ನುವ ಹೆದರಿಕೆ ನಿಮಗಿರಬಹುದು. 2017ರಲ್ಲಿ ನಮ್ಮ ಪಕ್ಕದ ಮುರ್ಡೇಶ್ವರ ಕಡೆ ಪ್ರಧಾನಿಯ ಚಿತ್ರ ತಿರುಚಿ ಹಾಕಿದ್ದಕ್ಕೆ ಗ್ರೂಪ್ ಅಡ್ಮಿನ್‌ನನ್ನು ಬಂಧಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಆಮೇಲೆ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್, ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಆಗಿರುವ ಒಂದೇ ಕಾರಣಕ್ಕೆ ಹೊಣೆ ಮಾಡಲು ಬರುವುದಿಲ್ಲ ಅಂದಿವೆ. ಆದರೂ ಒಬ್ಬರೇ ಅಡ್ಮಿನ್ ಇರಬೇಡಿ. ಪ್ರತಿ ಕೇರಿಯಿಂದ ಒಬ್ಬರು ಇರಲಿ, ಬೇರೆ ಬೇರೆ ಪಕ್ಷದ ಒಲವಿನವರು ಇರಲಿ. ಆಗ ಯಾವುದನ್ನು ಅಳಿಸಿದರೂ ಒಂದು ಕಡೆಯವರು ಅಳಿಸಿದರು ಅನ್ನುವ ಮಾತು ಬರುವುದಿಲ್ಲ.


ಅಘನಾಶಿನಿ ದಂಡೆ, ಕುಮಟಾ

ಎಲ್ಲರಿಗೂ ತುಂಬಾ ಧನ್ಯವಾದ. ಬೂತಿನ ತಮ್ಮ ಹೇಳಿದ ಮಾತು, ಎಲ್ಲ ಪಕ್ಷದವರೂ ಒಟ್ಟಿಗಿರುವ ಜಾಗ ಬೇರೆ ಎಲ್ಲೂ ಉಳಿದಿಲ್ಲ ಅನ್ನುವುದು, ನನಗೆ ಹೊಳೆದೇ ಇರಲಿಲ್ಲ. ಪೂರ್ತಿ ನಿಷೇಧದ ಯೋಚನೆ ಬಿಟ್ಟೆ.

ಹೀಗೆ ಬರೆದಿಟ್ಟಿದ್ದೇನೆ: ಯಾವ ವಿಷಯವಾದರೂ ಸ್ವಂತ ಮಾತಿನಲ್ಲಿ ಬರೆಯಬಹುದು. ಟಿವಿ ತುಂಡು, ಪಕ್ಷದ ವೀಡಿಯೊ, ಎರಡು ಬಾಣದ ಫಾರ್ವರ್ಡ್ ಇಲ್ಲ. ಸಾವು ಮತ್ತು ಗಲಾಟೆಯ ಸುದ್ದಿ ಪೊಲೀಸರು ಹೇಳುವವರೆಗೆ ಇಲ್ಲ. ಪಂಚಾಯ್ತಿಗೆ ನಿಲ್ಲುವವರು ತಮ್ಮ ವಾರ್ಡಿಗೆ ಏನು ಮಾಡುತ್ತೇನೆ ಅಂತ ಒಂದು ಸಲ ಬರೆಯಬಹುದು, ಜನ ಅಲ್ಲೇ ಪ್ರಶ್ನೆ ಕೇಳಬಹುದು. ಮತದಾನಕ್ಕೆ ಎರಡು ದಿನ ಮೊದಲು ಗ್ರೂಪ್ ಅಡ್ಮಿನ್‌ಗಳಿಗೆ ಮಾತ್ರ. ಲಸಿಕೆ, ಕರೆಂಟ್, ನೆರೆಯ ಸುದ್ದಿಗೆ ಅಡ್ಮಿನ್ ಮಾತ್ರ ಬರೆಯುವ ಇನ್ನೊಂದು ಗ್ರೂಪ್ ಬೇರೆಯೇ ಮಾಡುತ್ತೇನೆ, ಅದನ್ನು ಯಾರೂ ಮ್ಯೂಟ್ ಮಾಡಬೇಕಾಗಿಲ್ಲ. ಕೇರಿಗೊಬ್ಬರು ಅಡ್ಮಿನ್ ಅಂತ ಕೇಳಿದ್ದೇನೆ. ಮೂರು ಕೇರಿಯವರು ಒಪ್ಪಿದ್ದಾರೆ, ಉಳಿದವರ ಮನೆಗೆ ನಾಳೆ ಹೋಗುತ್ತೇನೆ.


ಗಂಗಾವಳಿ ಆಚೆ ದಡ, ಅಂಕೋಲಾ

ಚೆನ್ನಾಗಿದೆ. ಒಂದೇ ಸೇರಿಸಿ: ಈ ನಿಯಮವನ್ನು ಬರೆದು ಹಾಕುವುದರ ಜೊತೆ ವಾಯ್ಸ್ ಮೆಸೇಜ್ ಮಾಡಿಯೂ ಹಾಕಿ, ನಿಮ್ಮ ಮೇಲಿನ ಕೇರಿಯ ಅಜ್ಜಿಯಂಥವರು ಕೇಳಿಸಿಕೊಳ್ಳಲಿ. ಕೊಂಕಣಿ, ನವಾಯತಿ ಮಾತಾಡುವವರಿದ್ದರೆ ಅವರಲ್ಲೇ ಒಬ್ಬರಿಗೆ ಹೇಳಿ ಅವರ ಮಾತಿನಲ್ಲೂ ಮಾಡಿಸಿ. ನಿಯಮ ಪೂರ್ತಿ ಆದ ಮೇಲೆ ಇಲ್ಲೂ ಹಾಕಿ ಅಕ್ಕಾ, ನಮ್ಮ ಊರಿನ ಗ್ರೂಪಿಗೂ ಬೇಕು.